ಓದುಗರ ಪ್ರಶ್ನೆ: ಪಾತ್ ಸರಿಮಾಡಿದರೆ ಹಳೆಯ ಕೆಲಸ ಕೆಡುತ್ತದೆ, ಏನು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇದ್ದವು. ಫೈಲ್ ಕಾಪಿ ಮಾಡಿದಾಗ ಅದು ಎಲ್ಲಿಗೆ ಹೋಗಿ ಕೂರುತ್ತದೆ, ಆ ಲೆಕ್ಕ ಬದಲಾದರೆ ಏನಾಗುತ್ತದೆ ಎಂಬುದು. ಫೈಲ್ ಇರುವ ಜಾಗದ ಪೂರ್ತಿ ವಿಳಾಸವನ್ನೇ ಪಾತ್ ಎನ್ನುವುದು. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಪ್ರಶ್ನೆ: ಮೇಡಂ, ನಾವು ಮೂರು ಜನ ಸೇರಿ ಫೋಟೊ ಸ್ಟುಡಿಯೊಗಳಿಗೆ ಒಂದು ಬ್ಯಾಕಪ್ ಪ್ರೋಗ್ರಾಂ ಮಾಡಿಕೊಟ್ಟಿದ್ದೇವೆ. ಆರು ವರ್ಷದಿಂದ ಓಡುತ್ತಿದೆ. ಅದರಲ್ಲಿ ಒಂದು ಬಗ್ ಇದೆ. ತಲುಪಬೇಕಾದ ಜಾಗದಲ್ಲಿ ಅದೇ ಹೆಸರಿನ ಫೋಲ್ಡರ್ ಮೊದಲೇ ಇದ್ದರೆ, ಹೊಸದು ಅದರ ಒಳಗೆ ಇನ್ನೊಂದು ಫೋಲ್ಡರ್ ಆಗಿ ಕೂರುತ್ತದೆ. 'ಮದುವೆ' ಒಳಗೆ ಇನ್ನೊಂದು 'ಮದುವೆ'. ಸರಿಮಾಡಲು ನಾಲ್ಕೇ ಸಾಲು ಬೇಕಿತ್ತು, ಬರೆದಿಟ್ಟಿದ್ದೇನೆ. ಆದರೆ ನಮ್ಮ ಹಿರಿಯರು 'ಮುಟ್ಟಬೇಡ' ಎನ್ನುತ್ತಾರೆ. ಬಗ್ ಅಂದ ಮೇಲೆ ತೆಗೆಯಬೇಕು ಅಲ್ವಾ?
— ಓದುಗರು, ಹುಬ್ಬಳ್ಳಿ

ಉತ್ತರ: ತೆಗೆಯಬೇಕು. ಆದರೆ ನಿಮ್ಮ ಹಿರಿಯರ ಹೆದರಿಕೆ ಸುಮ್ನೆ ಬಂದದ್ದಲ್ಲ. ನಿಮ್ಮ ಪತ್ರ ಓದಿದಾಗ ನನಗೆ 2011ರ ಯುಗಾದಿ ನೆನಪಾಯಿತು. ಅದನ್ನು ಮೊದಲು ಹೇಳುತ್ತೇನೆ.

ಆಗ ನಾನು ಮೈಸೂರಿನ ಒಂದು ಮುದ್ರಣಾಲಯದಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಪುಟ ಕಟ್ಟುವವರು ಮಹಡಿಯ ಮೇಲೆ, ಪ್ಲೇಟ್ ಮಾಡುವವರು ಕೆಳಗೆ. ಮೇಲಿನ 'ಪುಟಗಳು' ಫೋಲ್ಡರನ್ನು ಕೆಳಗಿನ ಸರ್ವರ್‌ಗೆ ಕಳಿಸಲು ಒಂದು ಸ್ಕ್ರಿಪ್ಟ್ (ಒಂದಾದ ಮೇಲೊಂದು ನಡೆಯುವ ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್) ಇತ್ತು. ನನಗಿಂತ ಮೊದಲಿದ್ದವರು ಬರೆದದ್ದು. ಒಳಗಿದ್ದದ್ದು ಸಾದಾ 'ಸಿಪಿ -ಆರ್', ಅಂದರೆ ಫೋಲ್ಡರನ್ನು ಒಳಗಿನದರ ಸಮೇತ ಕಾಪಿ ಮಾಡುವ ಕಮಾಂಡ್. ಸಿಪಿ ನಡೆದುಕೊಳ್ಳುವುದು ಹೀಗೆ: ತಲುಪುವ ಜಾಗದಲ್ಲಿ 'ಪುಟಗಳು' ಇಲ್ಲದಿದ್ದರೆ ಆ ಹೆಸರಿನ ಫೋಲ್ಡರ್ ಮಾಡಿ ಅದರಲ್ಲಿ ತುಂಬುತ್ತದೆ. ಮೊದಲೇ ಇದ್ದರೆ, ಅದರ ಒಳಗೆ ಇನ್ನೊಂದು 'ಪುಟಗಳು' ಮಾಡಿ ಅಲ್ಲಿ ತುಂಬುತ್ತದೆ. ಅಂದರೆ ಪ್ರತಿ ಪುಸ್ತಕದ ಮೊದಲ ಪ್ರೂಫ್ ಹೊರಗಿನ ಫೋಲ್ಡರ್‌ನಲ್ಲಿ, ಎರಡನೆಯದರಿಂದ ಮುಂದಿನದೆಲ್ಲ ಒಳಗಿನ ಫೋಲ್ಡರ್‌ನಲ್ಲಿ. ನಿಮ್ಮ 'ಮದುವೆ' ಕಥೆಯೇ.

ನನಗೆ ಇದು ಕಂಡದ್ದು ಆ ಕೆಲಸಕ್ಕೆ ಸೇರಿ ಕೆಲವು ತಿಂಗಳಾದ ಮೇಲೆ. ಕಂಡ ದಿನವೇ ಸರಿಮಾಡಿದೆ. ಎಲ್ಲವೂ ಹೊರಗಿನ ಫೋಲ್ಡರ್‌ಗೇ ಹೋಗುವಂತೆ ಬರೆದೆ, ಪರೀಕ್ಷೆ ಮಾಡಿದೆ, ಸಂಜೆ ಮನೆಗೆ ಹೋದೆ.

ನಾನು ಕೇಳದೇ ಉಳಿದ ಪ್ರಶ್ನೆ ಒಂದಿತ್ತು. ಕೆಳಗಿನವರು ಈ ಫೋಲ್ಡರನ್ನು ಹೇಗೆ ಬಳಸುತ್ತಿದ್ದಾರೆ? ಪ್ಲೇಟ್ ವಿಭಾಗದ ಹಿರಿಯರಿಗೆ ಅನುಭವದಿಂದ ಒಂದು ನಿಯಮ ಗೊತ್ತಿತ್ತು. ತಿದ್ದಿದ ಪುಟ ಯಾವಾಗಲೂ ಒಳಗಿನ ಫೋಲ್ಡರ್‌ನಲ್ಲಿ ಇರುತ್ತದೆ ಎಂದು. ಪ್ಲೇಟ್ ಯಂತ್ರ ತಾನೇ ಫೈಲ್ ಎತ್ತಿಕೊಳ್ಳುವ ಹಾಟ್ ಫೋಲ್ಡರನ್ನೂ ಅವರು ಅಲ್ಲಿಗೇ ತೋರಿಸಿದ್ದರು. ಆ ವಾರ ನಮ್ಮಲ್ಲಿ ಒಂದು ಪಂಚಾಂಗ ಅಚ್ಚಾಗುತ್ತಿತ್ತು. ಅದರ ಎರಡನೇ ಪ್ರೂಫ್ ಆಗಲೇ ಒಳಗಿನ ಫೋಲ್ಡರ್‌ನಲ್ಲಿ ಕೂತಿತ್ತು. ಕೊನೆಯ ತಿದ್ದುಪಡಿ ನನ್ನ ಹೊಸ ಸ್ಕ್ರಿಪ್ಟ್ ಮೂಲಕ ಹೊರಗಿನ ಫೋಲ್ಡರ್‌ಗೆ ಹೋಯಿತು. ಯಂತ್ರ ಎಂದಿನಂತೆ ಒಳಗಿನದನ್ನು ತೆಗೆದುಕೊಂಡಿತು. ಒಂದು ಫಾರಂ, 16 ಪುಟ. ಒಂದು ಏಕಾದಶಿಯ ದಿನ ತಪ್ಪಾಗಿಯೇ 3,000 ಹಾಳೆ ಅಚ್ಚಾಗಿ ಹೊರಬಂತು. ಎಲ್ಲೂ ಎರರ್ ಬರಲಿಲ್ಲ. ಫೈಲ್ ಇತ್ತು, ಹೆಸರು ಸರಿ ಇತ್ತು, ಒಳಗಿದ್ದದ್ದು ಮಾತ್ರ ಹಳೆಯದು.

ನಿಮಗೆ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಪಾತ್ ಬದಲಾದಾಗ ಪ್ರೋಗ್ರಾಂ ನಿಂತುಹೋದರೆ ಅದು ಸಣ್ಣ ತೊಂದರೆ. ಯಾರೋ ಫೋನ್ ಮಾಡುತ್ತಾರೆ, ನೀವು ಸರಿಮಾಡುತ್ತೀರಿ. ಫೈಲ್ ಸದ್ದಿಲ್ಲದೆ ಬೇರೆ ಜಾಗಕ್ಕೆ ಹೋದರೆ ಅದು ದೊಡ್ಡ ತೊಂದರೆ. ಯಾರಿಗೂ ಗೊತ್ತಾಗುವುದಿಲ್ಲ. ಬ್ಯಾಕಪ್ ಪ್ರೋಗ್ರಾಂನಲ್ಲಂತೂ ಗೊತ್ತಾಗುವುದು ಡಿಸ್ಕ್ ಕೆಟ್ಟು, ಹಳೆಯ ಫೋಟೊ ಬೇಕಾದ ದಿನವೇ.

ಹಾಗಾದರೆ ಹೇಗೆ ಸರಿಮಾಡುವುದು? ಇದೇ ಸಿಪಿ ಕಮಾಂಡನ್ನು ನೋಡಿ. ಲಿನಕ್ಸ್‌ನಲ್ಲಿ ಬಳಸುವ ಗ್ನೂ ಸಿಪಿಯನ್ನು ನೋಡಿಕೊಳ್ಳುವವರಿಗೆ ಈ 'ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ' ನಡತೆ ಸ್ಕ್ರಿಪ್ಟ್ ಬರೆಯುವವರಿಗೆ ಎಷ್ಟು ಕಷ್ಟ ಎಂದು ಗೊತ್ತಿತ್ತು. ಆದರೂ ಅವರು ಅದನ್ನು ಬದಲಿಸಲಿಲ್ಲ. ಲೋಕದ ತುಂಬ ಸ್ಕ್ರಿಪ್ಟ್‌ಗಳು ಅದನ್ನೇ ನಂಬಿವೆ. ಬದಲಿಗೆ ದೊಡ್ಡ ಟಿ ಎಂಬ ಹೊಸ ಆಯ್ಕೆ ಸೇರಿಸಿದರು. '-ಟಿ' ಕೊಟ್ಟರೆ ತಲುಪುವ ಹೆಸರನ್ನು ಹೇಳಿದ ಹಾಗೇ ತೆಗೆದುಕೊಳ್ಳುತ್ತದೆ, ಒಳಗೆ ಇನ್ನೊಂದು ಫೋಲ್ಡರ್ ಮಾಡುವುದಿಲ್ಲ. ಹೊಸ ನಡತೆ ಬೇಕಾದವರು ಕೇಳಿ ಪಡೆಯುತ್ತಾರೆ. ಕೇಳದವರಿಗೆ ಏನೂ ಬದಲಾಗುವುದಿಲ್ಲ.

ನಿಮ್ಮ ಬಗ್ ಇದೇ ಜಾತಿಯದು, ಹಾಗಾಗಿ ನಿಮಗೂ ಈ ದಾರಿಯೇ ಸರಿ. ನಿಮ್ಮ ಪ್ರೋಗ್ರಾಂನಲ್ಲಿ ಪ್ರತಿ ಸ್ಟುಡಿಯೊ ತನ್ನ ಬ್ಯಾಕಪ್ ಕೆಲಸವನ್ನು ಒಮ್ಮೆ ಹೊಂದಿಸಿ ಸೇವ್ ಮಾಡಿಕೊಂಡಿರುತ್ತದೆ ಅಂದುಕೊಳ್ಳುತ್ತೇನೆ. ಆ ಸೇವ್ ಆದ ಫೈಲ್‌ನಲ್ಲಿ ಒಂದು ಅಂಕಿ ಸೇರಿಸಿ. ಅಂಕಿ ಇಲ್ಲದ ಕೆಲಸ ಹಳೆಯದು, ಅದು ಹಳೆಯ ರೀತಿಯಲ್ಲೇ ನಡೆಯಲಿ. ಇನ್ನು ಮುಂದೆ ಹೊಸದಾಗಿ ಮಾಡುವ ಕೆಲಸಕ್ಕೆ 2 ಎಂದು ಬರೆಯಿರಿ, ಅದು ಸರಿಯಾದ ರೀತಿಯಲ್ಲಿ ನಡೆಯಲಿ. ಹಳೆಯ ಕೆಲಸ ತೆರೆದಾಗ ಒಂದು ಕಿಟಕಿಯಲ್ಲಿ ಎರಡು ಪೂರ್ತಿ ಪಾತ್ ತೋರಿಸಿ: 'ಈಗ ಇಲ್ಲಿಗೆ ಹೋಗುತ್ತಿದೆ', 'ಬದಲಿಸಿದರೆ ಇಲ್ಲಿಗೆ ಹೋಗುತ್ತದೆ'. ಸ್ಟುಡಿಯೊದವರಿಗೆ ನಿಯಮ ವಿವರಿಸಿದರೆ ಅರ್ಥವಾಗಲಿಕ್ಕಿಲ್ಲ. ಪಾತ್ ಕಣ್ಣಿಗೆ ಕಂಡರೆ ತಟ್ಟನೆ ಅರ್ಥವಾಗುತ್ತದೆ.

ಆ ನಾಲ್ಕು ಸಾಲನ್ನು ಹಾಕುವ ಮೊದಲು ಇನ್ನೊಂದು ಕೆಲಸ ಮಾಡಿ. ಈಗಿನ ತಪ್ಪು ನಡತೆಯನ್ನೇ ಪರೀಕ್ಷೆಗಳಾಗಿ ಬರೆದಿಡಿ. ಮೂಲ ಫೈಲೋ ಫೋಲ್ಡರೋ, ಕೊನೆಗೆ ಸ್ಲ್ಯಾಷ್ ಇದೆಯೋ ಇಲ್ಲವೋ, ತಲುಪುವ ಜಾಗ ಮೊದಲೇ ಇದೆಯೋ ಇಲ್ಲವೋ. ಇಷ್ಟಕ್ಕೇ ಎಂಟು ಬಗೆ ಆಯಿತು. ಎಂಟನ್ನೂ ಓಡಿಸಿ ಏನಾಗುತ್ತದೋ ಅದನ್ನು ಹಾಗೇ ಬರೆದುಕೊಳ್ಳಿ. ತಿದ್ದಿದ ಮೇಲೆ ಮತ್ತೆ ಓಡಿಸಿ. ಬದಲಾಗಬೇಕಾದ ಒಂದೆರಡು ಮಾತ್ರ ಬದಲಾಗಿರಬೇಕು.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಪಾತ್ ತಿದ್ದುವವರು ಹೆಚ್ಚಾಗಿ ಅದನ್ನು 'ಸ್ವಚ್ಛ' ಮಾಡಲು ಹೊರಡುತ್ತಾರೆ. ಕೊನೆಯ ಸ್ಲ್ಯಾಷ್ ತೆಗೆಯುವುದು, ಎರಡು ಸ್ಲ್ಯಾಷ್ ಇದ್ದರೆ ಒಂದು ಮಾಡುವುದು, 'ಒಂದು ಮೆಟ್ಟಿಲು ಮೇಲೆ' ಎಂದು ಸೂಚಿಸುವ ಎರಡು ಚುಕ್ಕಿ ಇದ್ದರೆ ಹಿಂದಿನ ಹೆಸರಿನ ಜೊತೆ ಅಳಿಸುವುದು. ಮೂರೂ ನಿರುಪದ್ರವಿ ಅನ್ನಿಸುತ್ತವೆ. ಮೂರರಲ್ಲೂ ಹೊಂಡ ಇದೆ. ಬರೀ ಒಂದು ಸ್ಲ್ಯಾಷ್ ಅಂದರೆ ಇಡೀ ಡಿಸ್ಕ್‌ನ ಬೇರು. ಅದರ ಕೊನೆಯ ಸ್ಲ್ಯಾಷ್ ತೆಗೆದರೆ ಕೈಯಲ್ಲಿ ಉಳಿಯುವುದು ಖಾಲಿ ಹೆಸರು. ಲಿನಕ್ಸ್‌ನಲ್ಲಿ ಬೇರೊಂದು ಫೋಲ್ಡರ್‌ಗೆ ಕೈತೋರಿಸುವ ಲಿಂಕ್ ಇದ್ದರೆ, ಸ್ಲ್ಯಾಷ್ ಇಲ್ಲದ ಹೆಸರು ಲಿಂಕನ್ನೇ ಸೂಚಿಸಬಹುದು, ಸ್ಲ್ಯಾಷ್ ಇರುವ ಹೆಸರು ಅದು ತೋರಿಸುವ ಫೋಲ್ಡರನ್ನು ಸೂಚಿಸುತ್ತದೆ. ಆ ಲಿಂಕ್ ಆದ ಮೇಲೆ ಎರಡು ಚುಕ್ಕಿ ಬಂದರೆ, ಅದರ ಅರ್ಥ ಲಿಂಕ್ ಹೋಗಿ ಮುಟ್ಟಿದ ಜಾಗದಿಂದ ಒಂದು ಮೆಟ್ಟಿಲು ಮೇಲೆ ಎಂದು. ಅಕ್ಷರ ನೋಡಿ ಅಳಿಸಿದರೆ ಬೇರೆಯೇ ಮನೆಗೆ ಹೋಗುತ್ತೀರಿ. ವಿಂಡೋಸ್‌ನಲ್ಲಿ ಪಾತ್‌ನ ಮೊದಲಿಗೇ ಎರಡು ಬ್ಯಾಕ್‌ಸ್ಲ್ಯಾಷ್ ಇದ್ದರೆ ಅದು ನೆಟ್‌ವರ್ಕ್‌ನ ಇನ್ನೊಂದು ಯಂತ್ರ. ಸ್ಟುಡಿಯೊಗಳಲ್ಲಿ ಜಾಸ್ತಿ ಇರುವುದೇ ಅಂಥ ನೆಟ್‌ವರ್ಕ್ ಡಿಸ್ಕ್‌ಗಳು. ಅವನ್ನು ಒಂದು ಮಾಡಿಬಿಟ್ಟರೆ ಬ್ಯಾಕಪ್ ಹೋಗಬೇಕಾದ ಕಡೆ ಹೋಗುವುದೇ ಇಲ್ಲ.

ಪ್ರಶ್ನೆ: ನಮ್ಮ ಕಚೇರಿಯ ಸರ್ವರ್‌ನಿಂದ ದಿನಾ ರಾತ್ರಿ ವರದಿಗಳನ್ನು ಎಸ್‌ಸಿಪಿ ಮೂಲಕ ತರುವ ಸ್ಕ್ರಿಪ್ಟ್ ಇದೆ. ಹೊಸ ಕಂಪ್ಯೂಟರ್ ಬಂದ ಮೇಲೆ 'ಅಂಥ ಫೈಲ್ ಇಲ್ಲ' ಎನ್ನುತ್ತಿದೆ. ಫೈಲ್ ಇದೆ, ನಾನೇ ನೋಡಿದ್ದೇನೆ. ಹೆಸರಿನಲ್ಲಿ ಸ್ಪೇಸ್ ಇದೆ, ಅದಕ್ಕೆ ಒಳಗೊಂದು ಹೊರಗೊಂದು ಎರಡು ಸಾಲು ಉದ್ಧರಣ ಚಿಹ್ನೆ ಹಾಕಿದ್ದೇವೆ. ವರ್ಷಗಳಿಂದ ಹಾಗೇ ನಡೆದಿದೆ. ಯಾಕೆ ಹೀಗೆ ಕೆಡಿಸುತ್ತಾರೆ?
— ಓದುಗರು, ಮಂಗಳೂರು

ಉತ್ತರ: ಮೊದಲು ಮದ್ದು. ಒಳಗಿನ ಚಿಹ್ನೆ ತೆಗೆದು ಹೊರಗಿನದನ್ನು ಮಾತ್ರ ಉಳಿಸಿ. ಇವತ್ತು ರಾತ್ರಿಯೇ ಓಡಲೇಬೇಕು, ತಿದ್ದಲು ಸಮಯವಿಲ್ಲ ಅನ್ನುವುದಾದರೆ, ಎಸ್‌ಸಿಪಿ ಆದ ಮೇಲೆ ದೊಡ್ಡ ಅಕ್ಷರದ '-ಓ' ಸೇರಿಸಿ. ಆಗ ಅದು ಹಳೆಯ ರೀತಿಯಲ್ಲೇ ನಡೆಯುತ್ತದೆ.

ಇನ್ನು ಯಾಕೆ ಎಂಬುದು. ಎಸ್‌ಸಿಪಿ ತನ್ನ ನಡತೆಯನ್ನು ಪಡೆದದ್ದು ಆರ್‌ಸಿಪಿ ಎಂಬ ಕಮಾಂಡ್‌ನಿಂದ. ಆರ್‌ಸಿಪಿ 1983ರ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯಲ್ಲಿ ಬಂದದ್ದು. ಆ ಪದ್ಧತಿಯಲ್ಲಿ ನೀವು ಕೊಟ್ಟ ಪಾತ್ ಆ ಕಡೆಯ ಯಂತ್ರದ ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಕೈಗೆ ಹೋಗುತ್ತದೆ. ನಕ್ಷತ್ರ ಚಿಹ್ನೆ ಹಾಕಿ ಹತ್ತು ಫೈಲ್ ತರಲು ಆಗುತ್ತಿದ್ದದ್ದು ಅದರಿಂದಲೇ. ಸ್ಪೇಸ್ ಕಂಡರೆ ಎರಡು ಹೆಸರು ಎಂದು ತಿಳಿಯುತ್ತಿದ್ದದ್ದೂ ಅದರಿಂದಲೇ. ಈ ಕಡೆಯ ಶೆಲ್‌ಗೆ ಒಂದು, ಆ ಕಡೆಯ ಶೆಲ್‌ಗೆ ಒಂದು ಎಂದು ನೀವು ಎರಡು ಸಲ ಚಿಹ್ನೆ ಹಾಕಿದಿರಿ. ಆದರೆ ಶೆಲ್ ಕೈಗೆ ಹೋದ ಪಾತ್‌ನಲ್ಲಿ ಕಮಾಂಡನ್ನೇ ತುರುಕಬಹುದು. 2020ರಲ್ಲಿ ಈ ತೂತನ್ನು ಅಧಿಕೃತ ಭದ್ರತಾ ದೋಷವಾಗಿ ದಾಖಲಿಸಲಾಯಿತು. ಆಗ ಎಸ್‌ಸಿಪಿಯನ್ನು ನೋಡಿಕೊಳ್ಳುವ ಓಪನ್‌ಎಸ್‌ಎಸ್‌ಎಚ್ ತಂಡದವರು ಇದನ್ನು ತಡೆಯಲು ಹೊರಟರೆ ಜನರ ಈಗಿನ ಕೆಲಸಗಳು ಕೆಡುವ ಸಾಧ್ಯತೆ ಜಾಸ್ತಿ ಎಂದಿದ್ದು ಅದೇ ದಾಖಲೆಯಲ್ಲಿದೆ. ನಿಮ್ಮ ದೂರು ಅವರಿಗೂ ಗೊತ್ತಿತ್ತು ನೋಡಿ.

ಇದಕ್ಕೂ ಮುಂಚೆ ಇನ್ನೊಂದು ದೋಷ ಸಿಕ್ಕಿತ್ತು. ಯಾವ ಫೈಲ್ ಕಳಿಸಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಆ ಕಡೆಯ ಸರ್ವರ್. ನೀವು ಒಂದು ಕೇಳಿದರೆ ಕೆಟ್ಟ ಸರ್ವರ್ ಬೇರೊಂದನ್ನು ಕಳಿಸಿ ನಿಮ್ಮ ಫೈಲ್ ಮೇಲೆ ಬರೆಯಬಹುದಿತ್ತು. 2019ರ ಏಪ್ರಿಲ್‌ನಲ್ಲಿ ಬಂದ 8.0 ಆವೃತ್ತಿಯಲ್ಲಿ, ಬಂದ ಹೆಸರು ಕೇಳಿದ ಹೆಸರಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಲು ಶುರುಮಾಡಿದರು. ನಕ್ಷತ್ರ ಚಿಹ್ನೆಯನ್ನು ಎರಡೂ ಕಡೆ ಒಂದೇ ಥರ ಅರ್ಥಮಾಡಿಕೊಳ್ಳದಿದ್ದರೆ ಒಳ್ಳೆಯ ಫೈಲೂ ತಿರಸ್ಕಾರವಾಗಬಹುದು. ಅದಕ್ಕೆ ದೊಡ್ಡ '-ಟಿ' ಎಂಬ ಆಯ್ಕೆ ಕೊಟ್ಟು, ಪರೀಕ್ಷೆ ಬೇಡ ಎನ್ನುವವರಿಗೆ ದಾರಿ ಬಿಟ್ಟರು. ಸಿಪಿಯ '-ಟಿ'ಗೂ ಇದಕ್ಕೂ ಸಂಬಂಧವಿಲ್ಲ, ಗೊಂದಲ ಮಾಡಿಕೊಳ್ಳಬೇಡಿ.

2021ರ ಆಗಸ್ಟ್‌ನ 8.7ರಲ್ಲಿ ಎಸ್‌ಎಫ್‌ಟಿಪಿ ಎಂಬ ಬೇರೆ ಪದ್ಧತಿಯಲ್ಲಿ ಕಾಪಿ ಮಾಡುವುದನ್ನು ಪ್ರಯೋಗವಾಗಿ ಕೊಟ್ಟು, ಮುಂದೆ ಇದೇ ಮಾಮೂಲು ಆಗುತ್ತದೆ ಎಂದು ಮೊದಲೇ ಸಾರಿದರು. 2022ರ ಏಪ್ರಿಲ್ 8ರ 9.0ರಲ್ಲಿ ಹಾಗೇ ಮಾಡಿದರು. ಎಸ್‌ಎಫ್‌ಟಿಪಿಯಲ್ಲಿ ಪಾತ್ ಶೆಲ್ ಕೈಗೆ ಹೋಗುವುದೇ ಇಲ್ಲ. ನಿಮ್ಮ ಒಳಗಿನ ಉದ್ಧರಣ ಚಿಹ್ನೆ ಈಗ ಹೆಸರಿನ ಭಾಗವೇ ಆಗಿಬಿಟ್ಟಿದೆ. ಚಿಹ್ನೆಯೂ ಸೇರಿದ ಹೆಸರಿನ ಫೈಲ್ ಅಲ್ಲಿಲ್ಲ, ಅದಕ್ಕೇ ಆ ಎರರ್. ಆವೃತ್ತಿಯ ಟಿಪ್ಪಣಿಯಲ್ಲಿ ಅವರು ಇದನ್ನು ಮುಚ್ಚಿಡದೆ ಬರೆದಿದ್ದಾರೆ: ಎರಡು ಸಲ ಚಿಹ್ನೆ ಹಾಕುವ ಕಷ್ಟ ಹೋದದ್ದು ಒಳ್ಳೆಯದೇ, ಹಳೆಯ ದೋಷವನ್ನು ಹೊಸ ಪದ್ಧತಿಯಲ್ಲಿ ಬೇಕೆಂದೇ ನಕಲು ಮಾಡುವ ಯೋಚನೆ ನಮಗಿಲ್ಲ ಎಂದು.

ಅಚ್ಚರಿಯೆಂದರೆ ಸರಿಯಾಗಿ ಒಂದು ವಾರಕ್ಕೆ, ಏಪ್ರಿಲ್ 15ಕ್ಕೆ, ಎರಡು ಕಡೆಯ ಫೋಲ್ಡರ್‌ಗಳನ್ನು ಒಂದೇ ಥರ ಇಡುವ ಕಾಪಿ ಪ್ರೋಗ್ರಾಂ ಆರ್‌ಸಿಂಕ್‌ನ 3.2.4 ಬಂತು. ಅದರಲ್ಲೂ ಇದೇ ಸ್ಪೇಸ್ ಸಮಸ್ಯೆ ಸರಿಮಾಡಿದ್ದರು. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದ ಆರ್‌ಸಿಂಕ್‌ನಲ್ಲಿ ಸರ್ವರ್‌ನ ಪಾತ್‌ಗೆ ಸ್ಪೇಸ್ ಹಾಕಿದರೆ ಎರಡು ಫೈಲ್ ಎಂದೇ ಅರ್ಥವಾಗುತ್ತಿತ್ತು. ಜನ ಅದನ್ನು ಒಂದು ಸೌಲಭ್ಯವಾಗಿ ಬಳಸುತ್ತಿದ್ದರು. ಒಂದೇ ಉದ್ಧರಣದೊಳಗೆ ಎರಡು ಹೆಸರು ಬರೆದು ಎರಡನ್ನೂ ತರಿಸುವುದು ಹಳೆಯ ಕೈಪಿಡಿಯಲ್ಲೇ ಇತ್ತು. 2008ರ 3.0.0ರಲ್ಲಿ, ಸ್ಪೇಸನ್ನು ಹೆಸರಿನ ಭಾಗವಾಗಿಯೇ ಕಳಿಸುವ ಆಯ್ಕೆ ಬಂದಿತ್ತು, ಬೇಕಾದವರು ಕೇಳಿ ಪಡೆಯಬೇಕಿತ್ತು. 3.2.4ರಲ್ಲಿ ಅಂಥದೇ ನಡತೆ, ಬೇರೆ ವಿಧಾನದಲ್ಲಿ, ಮಾಮೂಲು ಆಯಿತು. ಆದರೆ ಅವರು ಎಲ್ಲವನ್ನೂ ಬದಲಿಸಲಿಲ್ಲ. ಸ್ಪೇಸ್ ಮೊದಲಾದವಕ್ಕೆ ತಾನೇ ಬ್ಯಾಕ್‌ಸ್ಲ್ಯಾಷ್ ಹಾಕಿ ಕಳಿಸುತ್ತದೆ. ಫೈಲ್ ಹೆಸರಿನ ನಕ್ಷತ್ರ, ಪ್ರಶ್ನೆ ಚಿಹ್ನೆ, ಚೌಕ ಆವರಣಗಳನ್ನು ಮುಟ್ಟುವುದಿಲ್ಲ, ಯಾಕಂದರೆ ಅವು ದಿನಬಳಕೆಯವು. ಹಳೆಯದೇ ಬೇಕೆಂದವರಿಗೆ '--ಓಲ್ಡ್-ಆರ್ಗ್ಸ್' ಇದೆ.

ಅದಕ್ಕಿಂತ ನನಗೆ ಜಾಸ್ತಿ ಹಿಡಿಸಿದ್ದು ಅವರ ಇನ್ನೊಂದು ಏರ್ಪಾಡು. 'ಆರ್‌ಸಿಂಕ್_ಓಲ್ಡ್_ಆರ್ಗ್ಸ್' ಎಂಬ ಪರಿಸರ ಚರವನ್ನು (ಪ್ರೋಗ್ರಾಂಗಳು ಓದಿಕೊಳ್ಳುವ ಸೆಟ್ಟಿಂಗ್) 1 ಎಂದು ಇಟ್ಟರೆ, ಆ ಯಂತ್ರದ ಎಲ್ಲ ಸ್ಕ್ರಿಪ್ಟ್‌ಗಳೂ ಹಳೆಯ ರೀತಿಯಲ್ಲೇ ನಡೆಯುತ್ತವೆ. ಒಂದು ಸ್ಕ್ರಿಪ್ಟನ್ನೂ ತೆರೆಯಬೇಕಿಲ್ಲ. ನಾನು ನೋಡಿಕೊಳ್ಳುತ್ತಿದ್ದ ಯಂತ್ರಗಳಲ್ಲಿ ಸ್ಕ್ರಿಪ್ಟ್ ಬರೆದವರು ಕೆಲಸ ಬಿಟ್ಟು ಹೋಗಿ ವರ್ಷಗಳಾಗಿರುತ್ತಿತ್ತು. ಕೆಲವು ಸ್ಕ್ರಿಪ್ಟ್ ಎಲ್ಲಿದೆ ಎಂದು ಹುಡುಕುವುದೇ ಒಂದು ದಿನದ ಕೆಲಸ. ಅಂಥ ಕಡೆ ಒಂದು ಸಾಲಿನಲ್ಲಿ ರಾತ್ರಿ ದಾಟಿಸಿ, ಮರುದಿನದಿಂದ ಒಂದೊಂದಾಗಿ ತಿದ್ದಿಕೊಂಡು ಹೋಗಬಹುದು. ಹೊಸ ಆಯ್ಕೆ ಕೊಡುವವರು ಆ ಆಯ್ಕೆಯನ್ನು ಯಾರು, ಯಾವ ಸ್ಥಿತಿಯಲ್ಲಿ ಹಾಕಬೇಕಾಗುತ್ತದೆ ಎಂದು ಯೋಚಿಸಿದ್ದಾರೆ ಅನ್ನುವುದು ಇಲ್ಲಿ ಕಾಣುತ್ತದೆ.

ಎಸ್‌ಸಿಪಿಯವರು ಮಾಡಿದ್ದು ತಪ್ಪೇ? ಅಲ್ಲ ಎಂದೇ ನನ್ನ ಅಭಿಪ್ರಾಯ. ನಿಮ್ಮ ಸ್ಕ್ರಿಪ್ಟ್ ಎರರ್ ಕೊಟ್ಟು ನಿಂತಿತು, ತಪ್ಪು ಫೈಲ್ ತರಲಿಲ್ಲ. ಅದರ ಹಿಂದೆ ಭದ್ರತೆಯ ಕಾರಣವೂ ಇತ್ತು. ತೂತು ಇದ್ದ ಮೇಲೆ ಹಳೆಯವರಿಗಾಗಿ ಅದನ್ನು ತೆರೆದಿಡಲು ಆಗುವುದಿಲ್ಲ. ಆರ್‌ಸಿಂಕ್‌ನವರೂ 2022ರ ಆಗಸ್ಟ್‌ನ 3.2.5ರಲ್ಲಿ, ಕೇಳದ ಫೈಲನ್ನು ಸರ್ವರ್ ಕಳಿಸಿದರೆ ತಿರಸ್ಕರಿಸುವ ಪರೀಕ್ಷೆ ತಂದರು. ಅದಕ್ಕೆ ಯಾರ ಒಪ್ಪಿಗೆಗೂ ಕಾಯಲಿಲ್ಲ. ಕಳಿಸುವವರ ಮೇಲೆ ಪೂರ್ತಿ ನಂಬಿಕೆ ಇರುವವರಿಗೆ '--ಟ್ರಸ್ಟ್-ಸೆಂಡರ್' ಎಂಬ ಆಯ್ಕೆ ಬಿಟ್ಟರು. ಹೆಸರೇ ಹೇಳುತ್ತದೆ, ನೀವು ಯಾವುದನ್ನು ಒಪ್ಪಿಕೊಳ್ಳುತ್ತಿದ್ದೀರಿ ಎಂದು. ಹುಬ್ಬಳ್ಳಿಯವರೇ, ನಿಮ್ಮ ಪ್ರೋಗ್ರಾಂನಲ್ಲಿ ಹಳೆಯ ರೀತಿಯ ಆಯ್ಕೆಗೆ ಹೆಸರಿಡುವಾಗ ಇದನ್ನು ನೋಡಿ ಇಡಿ.

ಪ್ರಶ್ನೆ: ಮ್ಯಾಕ್‌ನಲ್ಲಿ 'ಸಿಪಿ -ಆರ್' ಮಾಡುವಾಗ ಮೂಲದ ಕೊನೆಗೆ ಸ್ಲ್ಯಾಷ್ ಇದ್ದರೆ ಒಳಗಿನ ಫೈಲ್‌ಗಳು ಮಾತ್ರ ಹೋದವು. ಲಿನಕ್ಸ್‌ನಲ್ಲಿ ಅದೇ ಕಮಾಂಡ್, ಫೋಲ್ಡರ್ ಸಮೇತ ಹೋಯಿತು. ಯಾವುದು ಸರಿ?
— ಓದುಗರು, ತುಮಕೂರು

ಉತ್ತರ: ಎರಡೂ ಅವರವರ ನಿಯಮದಂತೆ ಸರಿ. ಮ್ಯಾಕ್‌ನ ಸಿಪಿ ಬಿಎಸ್‌ಡಿ ವಂಶದ್ದು, ಅದಕ್ಕೆ ಮೂಲದ ಕೊನೆಯ ಸ್ಲ್ಯಾಷ್ ಎಂದರೆ 'ಒಳಗಿರುವುದನ್ನು' ಎಂದರ್ಥ. ಗ್ನೂ ಸಿಪಿಗೆ ಹಾಗಿಲ್ಲ. ಆರ್‌ಸಿಂಕ್ ಎರಡೂ ಕಡೆ ಒಂದೇ ಥರ ನಡೆಯುತ್ತದೆ: ಸ್ಲ್ಯಾಷ್ ಇದ್ದರೆ ಒಳಗಿರುವುದು, ಇಲ್ಲದಿದ್ದರೆ ಫೋಲ್ಡರ್ ಸಮೇತ. ಆದರೆ '--ಡಿಲೀಟ್' ಜೊತೆ ಬಳಸುವಾಗ ಸ್ಲ್ಯಾಷ್ ಮೇಲೆ ಕಣ್ಣಿರಲಿ. ಐದು ಫೋಲ್ಡರ್ ಇರುವ ಬ್ಯಾಕಪ್ ಡಿಸ್ಕ್‌ಗೆ ಒಂದು ಫೋಲ್ಡರನ್ನು ಸ್ಲ್ಯಾಷ್ ಹಾಕಿ ಕಳಿಸಿದರೆ, ಅಲ್ಲಿದ್ದ ಐದನ್ನೂ 'ಮೂಲದಲ್ಲಿ ಇಲ್ಲ' ಎಂದು ಅಳಿಸಿಹಾಕುತ್ತದೆ. ಮೊದಲು '-ಎನ್' ಹಾಕಿ ಓಡಿಸಿ. ಏನು ಮಾಡಲಿದೆ ಎಂದು ತೋರಿಸುತ್ತದೆ, ಮಾಡುವುದಿಲ್ಲ.

ಪ್ರಶ್ನೆ: ಜಾನಪದ ಹಾಡುಗಳ ಧ್ವನಿಮುದ್ರಣ ಕೂಡಿಡುತ್ತಿದ್ದೇವೆ. ಊರಿನ ಹೆಸರಿನಲ್ಲಿ ಕನ್ನಡದಲ್ಲೇ ಫೋಲ್ಡರ್ ಮಾಡಿದ್ದೇವೆ. ಒಂದು ಹಳೆಯ ಮ್ಯಾಕ್‌ನಿಂದ ಲಿನಕ್ಸ್ ಸರ್ವರ್‌ಗೆ ಆರ್‌ಸಿಂಕ್ ಮಾಡಿದ ಮೇಲೆ 'ಕೋಲಾರ' ಎರಡು ಬಾರಿ ಕಾಣುತ್ತಿದೆ. 'ಬೀದರ', 'ಮೈಸೂರು' ಕೂಡ. 'ಹಾಸನ', 'ಧಾರವಾಡ' ಮಾತ್ರ ಒಂದೊಂದೇ ಇವೆ. ಒಂದೇ ಹೆಸರಿನ ಎರಡು ಫೋಲ್ಡರ್ ಹೇಗೆ ಸಾಧ್ಯ?
— ಓದುಗರು, ಧಾರವಾಡ

ಉತ್ತರ: ನಿಮ್ಮ ಪತ್ರ ಓದಿ ತುಂಬ ಸಂತೋಷವಾಯಿತು. ಯಾವುದು ಎರಡಾಗಿದೆ, ಯಾವುದು ಆಗಿಲ್ಲ ಎಂದು ಗಮನಿಸಿ ಬರೆದಿದ್ದೀರಿ. ಉತ್ತರ ಅದರಲ್ಲೇ ಇದೆ.

ಯೂನಿಕೋಡ್‌ನಲ್ಲಿ 'ಕೋ' ಬರೆಯಲು ಎರಡು ದಾರಿ ಇವೆ. ಕ ಆದ ಮೇಲೆ ಓತ್ವವನ್ನು ಒಂದೇ ಸಂಕೇತವಾಗಿ ಇಡಬಹುದು. ನಮ್ಮ ಕೀಲಿಮಣೆಗಳು ಸಾಮಾನ್ಯವಾಗಿ ಹಾಗೇ ಮಾಡುತ್ತವೆ. ಇಲ್ಲವೇ ಎತ್ವ, ಊತ್ವ, ದೀರ್ಘ ಎಂದು ಮೂರು ಸಂಕೇತ ಬಿಡಿಸಿ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಬೀದರದ ಈತ್ವ, ಮೈಸೂರಿನ ಐತ್ವ ಕೂಡ ಹೀಗೆ ಬಿಡಿಸಲು ಬರುವಂಥವು. ಹಾಸನ, ಧಾರವಾಡದ ಆತ್ವವನ್ನು ಬಿಡಿಸಲು ಬರುವುದಿಲ್ಲ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಡಿಸ್ಕ್ ವ್ಯವಸ್ಥೆ ಎಲ್ಲ ಹೆಸರನ್ನೂ ಬಿಡಿಸಿಯೇ ಬರೆದಿಡುತ್ತಿತ್ತು. 2017ರಲ್ಲಿ ಬಂದ ಎಪಿಎಫ್‌ಎಸ್ ಹಾಗೆ ಮಾಡುವುದಿಲ್ಲ, ಕೊಟ್ಟ ಹಾಗೇ ಇಡುತ್ತದೆ. ಲಿನಕ್ಸ್‌ಗೆ ಅಕ್ಷರದ ಗೊಡವೆಯೇ ಇಲ್ಲ. ಅದಕ್ಕೆ ಹೆಸರು ಅಂದರೆ ಬೈಟ್‌ಗಳ ಸಾಲು. ಕೂಡಿಸಿ ಬರೆದ 'ಕೋಲಾರ' 15 ಬೈಟ್, ಬಿಡಿಸಿ ಬರೆದದ್ದು 21 ಬೈಟ್. ಲಿನಕ್ಸ್ ಕಣ್ಣಿಗೆ ಅವು ಎರಡು ಬೇರೆ ಊರು.

ಆರ್‌ಸಿಂಕ್ 3.0.0ರಿಂದ '--ಐಕಾನ್ವ್' ಎಂಬ ಆಯ್ಕೆ ಇದೆ. ಮ್ಯಾಕ್‌ನಿಂದ ಕಳಿಸುವಾಗ '--ಐಕಾನ್ವ್=ಯುಟಿಎಫ್-8-ಮ್ಯಾಕ್,ಯುಟಿಎಫ್-8' ಎಂದು ಕೊಟ್ಟರೆ ದಾರಿಯಲ್ಲೇ ಹೆಸರು ಕೂಡಿಕೊಳ್ಳುತ್ತದೆ. ಮ್ಯಾಕ್ ಜೊತೆಗೇ ಬರುತ್ತಿದ್ದ ಆರ್‌ಸಿಂಕ್ ಬಹಳ ವರ್ಷ 2.6.9ರಲ್ಲೇ ನಿಂತಿತ್ತು. ಅದರಲ್ಲಿ ಇದು ಇಲ್ಲ, ಹೊಸದನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

ಆದರೆ ದಯವಿಟ್ಟು ಇದನ್ನು ಈಗಲೇ ಹಾಕಬೇಡಿ. ಸರ್ವರ್‌ನಲ್ಲಿ ಈಗಾಗಲೇ ಬಿಡಿಸಿದ ಹೆಸರಿನ ಫೋಲ್ಡರ್‌ಗಳಿವೆ. ಆಯ್ಕೆ ಹಾಕಿದ ಕ್ಷಣದಿಂದ ಅವು ಆರ್‌ಸಿಂಕ್‌ಗೆ ಅಪರಿಚಿತ. '--ಡಿಲೀಟ್' ಇದ್ದರೆ ಅವನ್ನೆಲ್ಲ ಅಳಿಸಿ, ಅಷ್ಟೂ ಹಾಡುಗಳನ್ನು ಮತ್ತೆ ಕಳಿಸುತ್ತದೆ. ಸರ್ವರ್‌ನಲ್ಲಿ ಮಾತ್ರ ಉಳಿದಿದ್ದ ಹಾಡು ಹೋಗಿಯೇ ಬಿಡುತ್ತದೆ. ಆ ಅಜ್ಜಿಯಂದಿರ ದನಿ ಇನ್ನೊಮ್ಮೆ ಸಿಗುವುದಿಲ್ಲ. ಆದ್ದರಿಂದ ಮೊದಲು ಸರ್ವರ್‌ನ ಪೂರ್ತಿ ಪ್ರತಿ ಇನ್ನೊಂದು ಡಿಸ್ಕ್‌ಗೆ ಮಾಡಿಕೊಳ್ಳಿ. ಎರಡು 'ಕೋಲಾರ' ಇರುವ ಕಡೆ ಒಳಗಿನದನ್ನು ಹೋಲಿಸಿ ಕೈಯಾರೆ ಒಂದುಗೂಡಿಸಿ. ಉಳಿದ ಹೆಸರುಗಳನ್ನು ಸರ್ವರ್‌ನಲ್ಲೇ 'ಕಾನ್ವ್‌ಎಂವಿ' ಎಂಬ ಸಣ್ಣ ಪ್ರೋಗ್ರಾಂನಿಂದ '--ಎನ್‌ಎಫ್‌ಸಿ' ಕೊಟ್ಟು ಕೂಡಿಸಿದ ರೂಪಕ್ಕೆ ತನ್ನಿ. ಅದು ಮಾಮೂಲಾಗಿ ಏನು ಬದಲಿಸಲಿದೆ ಎಂದಷ್ಟೇ ತೋರಿಸುತ್ತದೆ. '--ನೋಟೆಸ್ಟ್' ಕೊಟ್ಟರೆ ಮಾತ್ರ ನಿಜವಾಗಿ ಬದಲಿಸುತ್ತದೆ. ಇದೆಲ್ಲ ಆದ ಮೇಲೆ '--ಐಕಾನ್ವ್' ಹಾಕಿ, '--ಡಿಲೀಟ್' ಇಲ್ಲದೆ ಒಮ್ಮೆ ಓಡಿಸಿ ನೋಡಿ.

ಕಾಪಿ ಪ್ರೋಗ್ರಾಂ ಬರೆಯುವವರಿಗೂ ಇಲ್ಲೇ ಒಂದು ಮಾತು. 'ಇನ್ನು ಮುಂದೆ ಎಲ್ಲ ಹೆಸರನ್ನೂ ಕೂಡಿಸಿ ಬರೆಯುತ್ತೇನೆ' ಎಂಬ ತಿದ್ದುಪಡಿ ಒಳ್ಳೆಯದೇ ಅನ್ನಿಸುತ್ತದೆ. ಇಂಗ್ಲಿಷ್ ಹೆಸರುಗಳಲ್ಲಿ ಪರೀಕ್ಷೆ ಮಾಡಿದರೆ ಏನೂ ಆಗುವುದಿಲ್ಲ. ಕನ್ನಡದ ಬ್ಯಾಕಪ್‌ಗಳು ಮಾತ್ರ ರಾತ್ರೋರಾತ್ರಿ ಎರಡೆರಡಾಗುತ್ತವೆ. ನಿಮ್ಮ ಪರೀಕ್ಷೆಯ ಫೋಲ್ಡರ್‌ಗಳಲ್ಲಿ ಒಂದು 'ಕೋಲಾರ' ಇರಲಿ. ಉದ್ದದ ಹೆಸರೂ ಒಂದಿರಲಿ. ಲಿನಕ್ಸ್‌ನಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಅಂದರೆ 85 ಸಂಕೇತಕ್ಕೇ ಮುಗಿಯಿತು.

ಪ್ರಶ್ನೆ: ವಿಂಡೋಸ್‌ನಲ್ಲಿ 260 ಅಕ್ಷರದ ಮಿತಿಯನ್ನು ಇಷ್ಟು ವರ್ಷ ಯಾಕೆ ಇಟ್ಟುಕೊಂಡಿದ್ದಾರೆ? ಮತ್ತೆ, ಹುಬ್ಬಳ್ಳಿಯವರ ಥರ ನಾನೂ ಹಳೆಯ ನಡತೆಗೆ ಆಯ್ಕೆ ಕೊಟ್ಟಿದ್ದೇನೆ. ಅದನ್ನು ಎಷ್ಟು ವರ್ಷ ಉಳಿಸಬೇಕು?
— ಓದುಗರು, ಶಿರಸಿ

ಉತ್ತರ: ಮೊದಲನೆಯದಕ್ಕೆ ಕಾರಣ ಹಳೆಯ ಪ್ರೋಗ್ರಾಂಗಳು. ಪಾತ್ ಹಿಡಿಯಲು ಅವು ಸರಿಯಾಗಿ 260 ಅಕ್ಷರದ ಜಾಗ ಮಾಡಿಕೊಂಡಿವೆ. ಡ್ರೈವ್‌ನ ಅಕ್ಷರ, ಕೊನೆಯಲ್ಲಿ ಕಾಣದಂತಿರುವ ಸೊನ್ನೆ ಎಲ್ಲ ಸೇರಿ ಅಷ್ಟು. ಒಮ್ಮೆಗೇ ಮಿತಿ ತೆಗೆದರೆ ಉದ್ದ ಪಾತ್ ಆ ಜಾಗ ಮೀರಿ ಚೆಲ್ಲುತ್ತದೆ. 2016ರ ವಿಂಡೋಸ್ 10ರ 1607 ಆವೃತ್ತಿಯಿಂದ ಮಿತಿ ತೆಗೆಯಲು ಬರುತ್ತದೆ, ಆದರೆ ಎರಡು ಒಪ್ಪಿಗೆ ಬೇಕು. ಯಂತ್ರ ನೋಡಿಕೊಳ್ಳುವವರು ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಸೆಟ್ಟಿಂಗ್ ಕಣಜ) ಒಪ್ಪಬೇಕು. ಪ್ರೋಗ್ರಾಂ ಬರೆದವರೂ 'ಉದ್ದ ಪಾತ್ ನನಗೆ ಗೊತ್ತು' ಎಂದು ತಮ್ಮ ಪ್ರೋಗ್ರಾಂ ಬಗ್ಗೆ ವಿಂಡೋಸ್‌ಗೆ ತಿಳಿಸುವ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಬರೆದಿರಬೇಕು. ವಿಂಡೋಸ್ ಜೊತೆಗೇ ಬರುವ ಕಾಪಿ ಕಮಾಂಡ್ ರೋಬೋಕಾಪಿಗೆ ಉದ್ದ ಪಾತ್ ಮೊದಲಿನಿಂದಲೂ ಬರುತ್ತದೆ. ಅದು ಮಾಡಿಟ್ಟ ಆಳದ ಫೋಲ್ಡರನ್ನು ಬೇರೆ ಪ್ರೋಗ್ರಾಂಗಳು ತೆರೆಯಲಾರವು ಎಂದಾದರೆ '/256' ಕೊಟ್ಟು ಉದ್ದ ಪಾತ್ ಬೇಡ ಎನ್ನಬಹುದು.

ಎರಡನೆಯದಕ್ಕೆ ವರ್ಷದ ಲೆಕ್ಕ ಕೊಡಲಾರೆ. ಬಳಸುವವರು ಇರುವ ತನಕ ಇಡಿ. ಯಾರಾದರೂ ಬಳಸುತ್ತಿದ್ದಾರೆಯೇ ಎಂದು ತಿಳಿಯುವ ಏರ್ಪಾಡನ್ನು ಮೊದಲ ದಿನವೇ ಮಾಡಿ. ಹಳೆಯ ದಾರಿಯಲ್ಲಿ ಕೆಲಸ ನಡೆದಾಗಲೆಲ್ಲ ಲಾಗ್‌ನಲ್ಲಿ ತಾರೀಖಿನ ಸಮೇತ ಒಂದು ಸಾಲು ಬೀಳಲಿ.

ನಮ್ಮ ಮುದ್ರಣಾಲಯದಲ್ಲಿ ಪಂಚಾಂಗದ ಘಟನೆಯ ಮರುದಿನ ನಾನು ಹಳೆಯ ಸ್ಕ್ರಿಪ್ಟನ್ನೇ ಹಿಂದಕ್ಕೆ ಹಾಕಿದೆ. ಆಮೇಲೆ ಕೆಳಗೆ ಹೋಗಿ ಪ್ಲೇಟ್ ವಿಭಾಗದ ಹಿರಿಯರ ಪಕ್ಕ ಕೂತು ಅವರು ಏನೇನು ಮಾಡುತ್ತಾರೆ ಎಂದು ಒಂದು ದಿನವಿಡೀ ನೋಡಿದೆ. ಹೊಸ ಪುಸ್ತಕಗಳಿಗೆ 'ತಿದ್ದಿದ್ದು' ಎಂಬ ಬೇರೆ ಹೆಸರಿನ ಫೋಲ್ಡರ್ ಮಾಡಿದೆವು, ಅದಕ್ಕೆ ಬೇರೆ ಹಾಟ್ ಫೋಲ್ಡರ್. ಹಳೆಯ ಪುಸ್ತಕಗಳ ಮರುಮುದ್ರಣಕ್ಕೆ 'ಪುಟಗಳು' ಒಳಗಿನ 'ಪುಟಗಳು' ಹಾಗೇ ಉಳಿಯಿತು. ಎಂಟು ವರ್ಷ ಉಳಿಯಿತು. 2019ರಲ್ಲಿ ಆ ಪ್ಲೇಟ್ ಯಂತ್ರ ಮಾರಿದರು. ಲಾಗ್‌ನಲ್ಲಿ ಹಳೆಯ ದಾರಿಯ ಕೊನೆಯ ಸಾಲು ಬಿದ್ದು ಆಗಲೇ ಏಳು ತಿಂಗಳಾಗಿತ್ತು. ಯಂತ್ರ ಲಾರಿ ಹತ್ತಿದ ಮಧ್ಯಾಹ್ನ ಸ್ಕ್ರಿಪ್ಟ್‌ನಿಂದ ಆ ಸಾಲನ್ನು ಅಳಿಸಿದೆ.